ಜರಡಿಗೆ ಸಿಗದ ಧಾತುಗಳು

ಹಳ್ಳಿಗಳಿಗೆ ಕರೆಂಟು ಬರುವ ಮೊದಲು ಚಿತ್ರದುರ್ಗ ಜಿಲ್ಲೆಯ ನಮ್ಮ ಚಳ್ಳಕೆರೆ ಕಡೆಯ ಜಾತ್ರೆ, ಬಯಲಾಟ, ಮದುವೆ ಚಪ್ಪರಗಳಿಗೆ ಬೆಳಕು ಕೊಟ್ಟದ್ದು ಗ್ಯಾಸ್‌ಲೈಟು. ಅದನ್ನು ಹಚ್ಚಿದ ಹಿರಿಯರಿಗೆ ಅದರ ಮ್ಯಾಂಟಲ್ ಚೆನ್ನಾಗಿ ನೆನಪಿರುತ್ತದೆ. ಅದು ಮೆತ್ತನೆಯ ಬಲೆಬಟ್ಟೆಯ ಪುಟ್ಟ ಚೀಲ. ಅದನ್ನು ದೀಪದ ಮೂತಿಗೆ ದಾರದಿಂದ ಬಿಗಿದು ಮೊದಲ ಸಲ ಬೆಂಕಿ ತಾಗಿಸಿದರೆ ಬಟ್ಟೆ ಸುಟ್ಟು ಕಪ್ಪಾಗಿ, ಮುದುಡಿ, ಕೊನೆಗೆ ಬೆಳ್ಳನೆಯ ಬೂದಿಯ ಗೂಡಾಗಿ ನಿಲ್ಲುತ್ತಿತ್ತು. ಪಂಪು ಹೊಡೆದಂತೆಲ್ಲ ಆ ಬೂದಿಯೇ ಕಣ್ಣು ಕೋರೈಸುವಂತೆ ಬೆಳಗುತ್ತಿತ್ತು. ಬೆರಳು ತಾಗಿದರೆ ಪುಡಿಪುಡಿ.

ಬಟ್ಟೆ ಸುಟ್ಟುಹೋದ ಮೇಲೂ ಬೆಳಗುತ್ತಿದ್ದ ಆ ಬೂದಿ ಎರಡು ಆಕ್ಸೈಡುಗಳ ಮಿಶ್ರಣ. ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್. ಥೋರಿಯಂ ಆಕ್ಸೈಡ್ ದೀಪದ ಎಂಥ ಕಾವಿಗೂ ಕರಗದೆ ನಿಲ್ಲುತ್ತದೆ, ಆದರೆ ಬೆಳಗುವುದು ಕಡಿಮೆ. ಬೆಳಕು ಬರುವುದು ಆ ಒಂದು ಪಾಲು ಸೀರಿಯಂನಿಂದ. ಹೆಚ್ಚು ಹಾಕಿದರೆ ಹೆಚ್ಚು ಬೆಳಕು ಬರುತ್ತದೆ ಅಂದುಕೊಂಡರೆ ತಪ್ಪು. ಸೀರಿಯಂ ಹೆಚ್ಚಾದಷ್ಟೂ ಕಾವು ಚೆಲ್ಲಿಹೋಗಿ ಮ್ಯಾಂಟಲ್ ತಣಿಯುತ್ತದೆ, ದೀಪ ಮಂಕಾಗುತ್ತದೆ. ಈ ಅಳತೆಯನ್ನು 1891ರ ಹೊತ್ತಿಗೆ ಕಂಡುಕೊಂಡವನು ವಿಯೆನ್ನಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಬೀಡಿ ಹಚ್ಚುವ ಲೈಟರಿನಲ್ಲಿ ಕಿಡಿ ಕೊಡುವ ಕಲ್ಲನ್ನು ಸೀರಿಯಂ ಮತ್ತು ಕಬ್ಬಿಣದ ಮಿಶ್ರಲೋಹದಿಂದ ಮಾಡಿದವನೂ ಇವನೇ.

ಗ್ಯಾಸ್‌ಲೈಟು ಅಟ್ಟ ಸೇರಿತು. ಸೀರಿಯಂ ಮಾತ್ರ ನಮ್ಮನ್ನು ಬಿಟ್ಟುಹೋಗಲಿಲ್ಲ. ಇವತ್ತು ಚಳ್ಳಕೆರೆಯ ಬೀದಿದೀಪದಲ್ಲಿ, ಮನೆಯ ಎಲ್‌ಇಡಿ ಬಲ್ಬಿನಲ್ಲಿ, ಮೊಬೈಲಿನ ಟಾರ್ಚಿನಲ್ಲಿ ಅದು ಇದೆ. ಎಲ್‌ಇಡಿಯೊಳಗಿನ ಚಿಪ್ ಕೊಡುವುದು ನೀಲಿ ಬೆಳಕನ್ನು. ಅದರ ಮೇಲೆ ಬಳಿದಿರುವ ಹಳದಿ ಪುಡಿ ಆ ನೀಲಿಯಲ್ಲಿ ಒಂದಷ್ಟನ್ನು ನುಂಗಿ ಹಳದಿ ಬೆಳಕನ್ನು ಹೊರಗೆ ಬಿಡುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿ. ಆ ಪುಡಿ ಇಟ್ರಿಯಂ, ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ಹರಳು. ಅದರಲ್ಲಿ ಚಿಟಿಕೆಯಷ್ಟು ಸೀರಿಯಂ ಬೆರೆಸಿರುತ್ತಾರೆ. ಇಟ್ರಿಯಂ ಕೂಡ ಸೀರಿಯಂನ ಬಳಗದ್ದೇ.

ಈ ಬಳಗಕ್ಕೆ ನಮ್ಮ ಪಠ್ಯಗಳಲ್ಲಿ ವಿರಳ ಭಸ್ಮ ಧಾತುಗಳು ಎಂದು ಹೆಸರು. ಪತ್ರಿಕೆಗಳು ರೇರ್ ಅರ್ಥ್ ಎಂದೇ ಬರೆಯುತ್ತವೆ. ಒಟ್ಟು 17. ಆವರ್ತ ಕೋಷ್ಟಕದ ಕೆಳಗೆ ಬೇರೆಯಾಗಿ ಬರೆಯುವ ಸಾಲಿನಲ್ಲಿ ಲ್ಯಾಂಥನಮ್‌ನಿಂದ ಲುಟೀಷಿಯಂವರೆಗೆ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ದ್ವಿತೀಯ ಪಿಯುಸಿ ಓದಿದವರೆಲ್ಲ ಈ ಸಾಲನ್ನು ಲ್ಯಾಂಥನೈಡ್ ಸಂಕೋಚನ ಎಂಬ ಪ್ರಶ್ನೆಯ ರೂಪದಲ್ಲಿ ಕಂಡಿರುತ್ತಾರೆ. ಉತ್ತರ ಬಾಯಿಪಾಠ ಮಾಡಿ, ಬರೆದು, ಅಂಕ ತೆಗೆದುಕೊಂಡು ಮರೆತಿರುತ್ತಾರೆ. ಇವತ್ತು ದೊಡ್ಡ ದೊಡ್ಡ ದೇಶಗಳು ಈ ಲೋಹಗಳಿಗಾಗಿ ಜಟಾಪಟಿಗೆ ಇಳಿದಿರುವುದರ ಮೂಲ ಆ ಸಣ್ಣ ಪ್ರಶ್ನೆಯಲ್ಲೇ ಇದೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳಬೇಕಿತ್ತು.

ಪರಮಾಣುವಿನ ರಾಸಾಯನಿಕ ಗುಣವನ್ನು ಗೊತ್ತು ಮಾಡುವುದು ಅದರ ಹೊರಗಿನ ಎಲೆಕ್ಟ್ರಾನುಗಳು. ಸೋಡಿಯಂನಿಂದ ಮೆಗ್ನೀಷಿಯಂಗೆ ಒಂದು ಹೆಜ್ಜೆ ಇಟ್ಟರೆ ಹೊರಗೆ ಒಂದು ಎಲೆಕ್ಟ್ರಾನ್ ಸೇರುತ್ತದೆ, ಗುಣ ಪೂರಾ ಬದಲಾಗುತ್ತದೆ. ಲ್ಯಾಂಥನೈಡುಗಳ ಸಾಲಿನಲ್ಲಿ ಹಾಗಾಗುವುದಿಲ್ಲ. ಹೊಸದಾಗಿ ಬರುವ ಎಲೆಕ್ಟ್ರಾನ್ ಒಳಗಿನ 4ಎಫ್ ಎಂಬ ಕಕ್ಷಕಕ್ಕೆ ಹೋಗಿ ಕೂರುತ್ತದೆ. ಅದರಾಚೆ ತುಂಬಿದ ಬೇರೆ ಎಲೆಕ್ಟ್ರಾನುಗಳ ಗೋಡೆ ಇದೆ. ಹೊರಗಿನಿಂದ ನೋಡುವ ಆಮ್ಲಕ್ಕಾಗಲಿ ಕ್ಷಾರಕ್ಕಾಗಲಿ ಒಳಗೆ ಎಷ್ಟು ಸೇರಿದೆ ಎಂಬುದು ಗೊತ್ತೇ ಆಗುವುದಿಲ್ಲ. ಹದಿನೈದೂ ಧಾತುಗಳು ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಮೂರು ಧನ ಆವೇಶದ ಅಯಾನುಗಳಾಗುತ್ತವೆ. ಒಂದು ಎಲ್ಲಿ ಕರಗುತ್ತದೋ ಇನ್ನೊಂದೂ ಅಲ್ಲೇ ಕರಗುತ್ತದೆ. ಒಂದು ಎಲ್ಲಿ ಗಟ್ಟಿಯಾಗುತ್ತದೋ ಇನ್ನೊಂದೂ ಅಲ್ಲೇ.

ಈ ಹೋಲಿಕೆ ಎಷ್ಟು ಗಾಢ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಸಾಕ್ಷಿ ಇದೆ. 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆಗೆ ಕಾರಣವಾದ ಸಂಯುಕ್ತ ಯಾವುದೆಂದು ಗುರುತಿಸಿದರು. ದ್ರವ ಸಾರಜನಕದ ತಣ್ಪಿನಲ್ಲೇ ವಿದ್ಯುತ್ತನ್ನು ಯಾವ ಅಡೆತಡೆಯೂ ಇಲ್ಲದೆ ಹರಿಸುವ ವಸ್ತು ಅದು. ಅದರಲ್ಲಿ ಇಟ್ರಿಯಂ ತೆಗೆದು ಆ ಜಾಗಕ್ಕೆ ಗ್ಯಾಡೊಲಿನಿಯಂ ಹಾಕಿದರೂ, ಹೋಲ್ಮಿಯಂ ಹಾಕಿದರೂ ಅತಿವಾಹಕತೆ ಬಹುತೇಕ ಹಾಗೇ ಉಳಿಯುತ್ತದೆ. ಸೀರಿಯಂ, ಪ್ರೇಸಿಯೋಡಿಮಿಯಂನಂಥ ಎರಡು ಮೂರು ಧಾತುಗಳು ಮಾತ್ರ ಇದಕ್ಕೆ ಹೊರತು.

ಹಾಗಾದರೆ ಇವುಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ, ಕೂದಲೆಳೆಯಷ್ಟು. 4ಎಫ್‌ನ ಎಲೆಕ್ಟ್ರಾನುಗಳು ಒಳಗಿನ ಬೀಜಕೇಂದ್ರದ ಸೆಳೆತವನ್ನು ಸರಿಯಾಗಿ ತಡೆಯಲಾರವು. ಆದ್ದರಿಂದ ಸಾಲಿನಲ್ಲಿ ಮುಂದೆ ಹೋದಂತೆ ಬೀಜದ ಸೆಳೆತ ಬಲವಾಗಿ ಅಯಾನು ಚೂರು ಚೂರೇ ಕುಗ್ಗುತ್ತದೆ. ಲ್ಯಾಂಥನಮ್ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಕೊನೆಯ ಲುಟೀಷಿಯಂನದು 86. ಒಂದು ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಮೀಟರ್. ಹದಿನಾಲ್ಕು ಹೆಜ್ಜೆಯಲ್ಲಿ ಒಟ್ಟು ಹದಿನೇಳು ಪಿಕೋಮೀಟರ್ ಕುಗ್ಗುತ್ತದೆ ಅಂದರೆ ಅಕ್ಕಪಕ್ಕದ ಎರಡು ಧಾತುಗಳ ನಡುವಿನ ಅಂತರ ನೂರಕ್ಕೆ ಒಂದು ಪಾಲಿನ ಆಸುಪಾಸು. ಪಿಯುಸಿಯ ಸಂಕೋಚನ ಅಂದರೆ ಇದೇ. ಈ ಧಾತುಗಳನ್ನು ಬೇರೆ ಮಾಡಲು ಹೊರಟವರಿಗೆ ಸಿಗುವ ಹಿಡಿ ಹೆಚ್ಚುಕಡಿಮೆ ಇದೊಂದೇ.

ಚಳ್ಳಕೆರೆಯ ಮಿಲ್ಲುಗಳಲ್ಲಿ ಶೇಂಗಾ ಒಡೆದು ಬೀಜವನ್ನು ಜರಡಿ ಹಿಡಿದು ದಪ್ಪ ಬೀಜ, ಸಣ್ಣ ಬೀಜ ಎಂದು ವಿಂಗಡಿಸುತ್ತಾರೆ. ಎಲ್ಲ ಬೀಜವೂ ಹೆಚ್ಚುಕಡಿಮೆ ಒಂದೇ ಗಾತ್ರವಿದ್ದು, ನೂರಕ್ಕೆ ಒಂದು ಪಾಲು ಮಾತ್ರ ವ್ಯತ್ಯಾಸವಿದ್ದರೆ ಯಾವ ಜರಡಿಯೂ ಒಂದೇ ಸಲಕ್ಕೆ ಆ ಕೆಲಸ ಮಾಡಲಾರದು. ಮತ್ತೆ ಮತ್ತೆ ಹಾಕಬೇಕು, ಪ್ರತಿ ಸಲ ಕೆಳಗೆ ಬಿದ್ದದ್ದನ್ನೂ ಮೇಲೆ ಉಳಿದದ್ದನ್ನೂ ಬೇರೆ ಬೇರೆ ಜರಡಿಗೆ ಸುರಿಯಬೇಕು. ರಸಾಯನಶಾಸ್ತ್ರಜ್ಞರು ನೂರೈವತ್ತು ವರ್ಷ ಮಾಡಿದ್ದು ಇದನ್ನೇ. 1787ರಲ್ಲಿ ಸ್ವೀಡನ್ನಿನ ಇಟರ್‌ಬಿ ಎಂಬ ಹಳ್ಳಿಯ ಕ್ವಾರಿಯಲ್ಲಿ ಒಂದು ಕಪ್ಪು ಕಲ್ಲು ಸಿಕ್ಕಿತು. 1794ರಲ್ಲಿ ಯೋಹಾನ್ ಗ್ಯಾಡೊಲಿನ್ ಅದರಲ್ಲಿ ಹೊಸ ಆಕ್ಸೈಡ್ ಇದೆ ಎಂದು ತೋರಿಸಿದ. ಅದು ಒಂದೇ ಧಾತುವಿನದು ಎಂದುಕೊಂಡಿದ್ದರು. ಒಡೆಯುತ್ತಾ ಹೋದಂತೆ ಒಳಗಿನಿಂದ ಒಂದರ ಹಿಂದೆ ಒಂದು ಹೊರಬಂದವು. ಡಿಡಿಮಿಯಂ ಎಂಬ ಧಾತು ಇದೆ ಎಂದು ನಾಲ್ಕು ದಶಕ ಜಗತ್ತು ನಂಬಿತ್ತು. 1885ರಲ್ಲಿ ನಮ್ಮ ಗ್ಯಾಸ್‌ಲೈಟಿನ ಆವರ್ ಅದನ್ನು ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂದು ಎರಡು ಮಾಡಿದ. ಅಮೆರಿಕದಲ್ಲಿ ಚಾರ್ಲ್ಸ್ ಜೇಮ್ಸ್ ಎಂಬಾತ ಶುದ್ಧ ಥೂಲಿಯಂ ಬೇಕೆಂದು ಒಂದೇ ಲವಣವನ್ನು ಕರಗಿಸಿ, ಹರಳುಗಟ್ಟಿಸಿ, ಮತ್ತೆ ಕರಗಿಸಿ ಸುಮಾರು 15,000 ಸಲ ಹರಳು ಮಾಡಿದ. ಅದು 1911. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಕೆಲಸಗಳಲ್ಲಿ ಅದೊಂದು.

ಈಗಿನ ಕಾರ್ಖಾನೆಗಳ ವಿಧಾನವೇ ಬೇರೆ. ಲೋಹದ ಅಯಾನುಗಳು ಕರಗಿರುವ ಆಮ್ಲದ ನೀರು ಒಂದು ಕಡೆ, ರಂಜಕದ ಸಾವಯವ ಆಮ್ಲ ಬೆರೆಸಿದ ಸೀಮೆಎಣ್ಣೆ ಇನ್ನೊಂದು ಕಡೆ. ಎರಡನ್ನೂ ತೊಟ್ಟಿಯಲ್ಲಿ ಕಲಕಿ ಬಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗೆ ನಿಲ್ಲುತ್ತದೆ. ಚಿಕ್ಕ ಅಯಾನನ್ನು ಎಣ್ಣೆಯೊಳಗಿನ ಆಮ್ಲ ಸ್ವಲ್ಪ ಬಿಗಿಯಾಗಿ ಹಿಡಿದು ಮೇಲಕ್ಕೆ ಒಯ್ಯುತ್ತದೆ, ದೊಡ್ಡದು ನೀರಿನಲ್ಲೇ ಉಳಿಯಲು ನೋಡುತ್ತದೆ. ಸ್ವಲ್ಪ ಎಂಬುದು ನಿಜವಾಗಿಯೂ ಸ್ವಲ್ಪವೇ. ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ನಡುವೆ ಒಂದು ಕಲಕಿನಲ್ಲಿ ಸಿಗುವ ಮೇಲುಗೈ ಸುಮಾರು ಒಂದೂವರೆ ಪಟ್ಟು ಅಷ್ಟೇ. ಅದಕ್ಕೇ ತೊಟ್ಟಿಗಳ ಸಾಲು ನೂರು ದಾಟುತ್ತದೆ. ಎಣ್ಣೆ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿಯುತ್ತಿರುತ್ತವೆ. 1970ರ ದಶಕದಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಷು ಗುವಾಂಗ್‌ಷಿಯನ್ ಈ ತೊಟ್ಟಿಗಳ ಲೆಕ್ಕಾಚಾರಕ್ಕೆ ಗಟ್ಟಿಯಾದ ಗಣಿತ ಕಟ್ಟಿಕೊಟ್ಟರು. ಈ ಲೋಹಗಳ ಮೇಲೆ ಚೀನಾದ ಇಂದಿನ ಹಿಡಿತಕ್ಕೆ ಅಲ್ಲಿನ ಗಣಿಗಳಷ್ಟೇ ಈ ಗಣಿತವೂ ಕಾರಣ.

ಹದಿನೈದರಲ್ಲಿ ಎರಡು ಮಾತ್ರ ಸುಲಭವಾಗಿ ಕೈಗೆ ಸಿಗುತ್ತವೆ. ಸೀರಿಯಂ ಇನ್ನೊಂದು ಎಲೆಕ್ಟ್ರಾನನ್ನೂ ಬಿಟ್ಟುಕೊಟ್ಟು ನಾಲ್ಕು ಆವೇಶ ಪಡೆಯಬಲ್ಲದು. ಯೂರೋಪಿಯಂ ಎರಡೇ ಬಿಟ್ಟುಕೊಟ್ಟು ಎರಡು ಆವೇಶದಲ್ಲಿ ನಿಲ್ಲಬಲ್ಲದು. ಸಾಲು ಬಿಟ್ಟು ನಿಂತ ಕೂಡಲೇ ಅವುಗಳನ್ನು ಹಿಡಿಯಬಹುದು.

ಯೂರೋಪಿಯಂನ ಈ ಗುಣ ಮೊಳಕಾಲ್ಮುರಿನ ಬಂಡೆಗಳಲ್ಲಿ ಕೆಲಸ ಮಾಡಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಹಂಪಿಯ ಕಡೆಗೆ ಸಾಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಪಾವಗಡ, ಕಲ್ಯಾಣದುರ್ಗ, ರಾಯದುರ್ಗ, ಮೊಳಕಾಲ್ಮುರು ಸೀಮೆಯ ಗುಂಡುಗಲ್ಲಿನ ಗುಡ್ಡಗಳು ಈ ಪಟ್ಟಿಯ ಹಾದಿಯವು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನ ಕಂಡ ಅಕ್ಷರಗುಂಡು ಎಂಬ ಬಂಡೆಯ ಸುತ್ತಮುತ್ತ ನಿಂತು ನೋಡಿದರೆ ಇಂಥ ಕಲ್ಲಿನ ರಾಶಿಯೇ ಕಾಣುತ್ತದೆ. ಇಂಥ ಶಿಲೆಯನ್ನು ಪುಡಿ ಮಾಡಿ ಲ್ಯಾಂಥನಮ್‌ನಿಂದ ಲುಟೀಷಿಯಂವರೆಗೆ ಒಂದೊಂದರ ಪ್ರಮಾಣವನ್ನೂ ಅಳೆದು, ಉಲ್ಕಾಶಿಲೆಯಲ್ಲಿರುವ ಪ್ರಮಾಣಕ್ಕೆ ಹೋಲಿಸಿ ನಕ್ಷೆ ಬರೆದರೆ ಗೆರೆ ನಯವಾಗಿ ಇಳಿಯುತ್ತಾ ಹೋಗುತ್ತದೆ. ಗ್ರಾನೈಟುಗಳಲ್ಲಿ ಸಾಮಾನ್ಯವಾಗಿ ಯೂರೋಪಿಯಂ ಬರುವ ಕಡೆ ಮಾತ್ರ ಒಂದು ತಗ್ಗು. ಶಿಲಾರಸ ಆಳದಲ್ಲಿ ತಣಿಯುತ್ತಿದ್ದಾಗ ಪ್ಲೇಜಿಯೋಕ್ಲೇಸ್ ಎಂಬ ಕ್ಯಾಲ್ಸಿಯಂ ಉಳ್ಳ ಖನಿಜ ಮೊದಲು ಹರಳುಗಟ್ಟುತ್ತದೆ. ಎರಡು ಆವೇಶದ ಯೂರೋಪಿಯಂ ಕ್ಯಾಲ್ಸಿಯಂ ಜಾಗದಲ್ಲಿ ಸೇರಿಕೊಂಡು ಅದರ ಜೊತೆಗೇ ಹೊರಟುಬಿಡುತ್ತದೆ. ಮೂರು ಆವೇಶದ ಉಳಿದವು ರಸದಲ್ಲೇ ನಿಲ್ಲುತ್ತವೆ. ಆ ತಗ್ಗನ್ನು ನೋಡಿ ಈ ಕಲ್ಲಾಗುವ ಮೊದಲು ಕೆಳಗೆ ಎಷ್ಟು ಹರಳು ಬೇರೆಯಾಗಿತ್ತು ಎಂದು ಭೂವಿಜ್ಞಾನಿ ಅಂದಾಜು ಮಾಡುತ್ತಾರೆ. ಚಿನ್ನದ ಬೆಲೆಯಿಲ್ಲದ ಕಲ್ಲಿನಲ್ಲೂ ಓದುವುದಕ್ಕೆ ಇಷ್ಟು ಇದೆ.

ಹಾಗಾದರೆ ನಮ್ಮ ಗುಡ್ಡಗಳಲ್ಲೇ ಈ ಲೋಹ ಇದೆಯೇ ಎಂದು ಕೇಳುವವರಿದ್ದಾರೆ. ಇದೆ. ಭೂಮಿಯ ಮೇಲ್ಪದರದ ಸರಾಸರಿ ಲೆಕ್ಕ ಹಿಡಿದರೆ ಒಂದು ಟನ್ ಕಲ್ಲಿನಲ್ಲಿ ಸೀರಿಯಂ ಸುಮಾರು 60 ಗ್ರಾಂ, ನಿಯೋಡಿಮಿಯಂ ಸುಮಾರು 27 ಗ್ರಾಂ ಇರುತ್ತದೆ. ತಾಮ್ರವೂ ಅಷ್ಟೇ, ಸುಮಾರು 28 ಗ್ರಾಂ. ಆದರೆ ತಾಮ್ರಕ್ಕೆ ಗಂಧಕದ ಮೇಲೆ ಒಲವು. ಬಿಸಿನೀರಿನ ಜೊತೆ ಬಿರುಕುಗಳಲ್ಲಿ ಹರಿದು, ಗಂಧಕ ಸಿಕ್ಕ ಕಡೆ ಗಂಟು ಕಟ್ಟಿ ಅದಿರಾಗುತ್ತದೆ. ಚಿತ್ರದುರ್ಗದ ಮಗ್ಗುಲಿನ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದದ್ದು ಹಾಗೆ ಗಂಟು ಕಟ್ಟಿದ್ದರಿಂದಲೇ. ವಿರಳ ಭಸ್ಮ ಧಾತುಗಳು ಸುಲಭಕ್ಕೆ ಹೀಗೆ ಒಂದೆಡೆ ಸೇರುವುದಿಲ್ಲ. ಇಡೀ ಗುಡ್ಡದಲ್ಲಿ ಕಣಕಣವಾಗಿ ಹರಡಿಕೊಂಡಿರುತ್ತವೆ. ನಮ್ಮ ಬಂಡೆಯಿಂದ ಅವುಗಳನ್ನು ತೆಗೆಯಲು ಹೊರಟರೆ ಸಿಗುವ ಲೋಹಕ್ಕಿಂತ ಪುಡಿಯಾಗುವ ಗುಡ್ಡವೇ ಹೆಚ್ಚು.

ಅವು ಒಟ್ಟುಗೂಡುವ ಕೆಲವು ಕಡೆಗಳೂ ಇವೆ. ಸಾಮಾನ್ಯ ಖನಿಜಗಳೊಳಗೆ ಇವುಗಳಿಗೆ ಜಾಗ ಹೊಂದುವುದಿಲ್ಲವಾದ್ದರಿಂದ ಶಿಲಾರಸ ತಣಿಯುತ್ತಾ ಹೋದಂತೆ ಕೊನೆಯವರೆಗೂ ರಸದಲ್ಲೇ ಉಳಿಯುತ್ತವೆ. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ ಕ್ಷಾರೀಯ ಶಿಲೆಗಳಲ್ಲಿ ಈ ಕೊನೆಯ ರಸ ದಟ್ಟವಾಗಿರುತ್ತದೆ. 2023ರ ಏಪ್ರಿಲಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಅನಂತಪುರ ಜಿಲ್ಲೆಯ ದಂಚೆರ್ಲ, ಪೆದ್ದವಡುಗೂರು ಮುಂತಾದ ಕಡೆ ಸೈಯನೈಟ್ ಎಂಬ ಅಂಥ ಶಿಲೆಯಲ್ಲಿ ಈ ಧಾತುಗಳುಳ್ಳ ಖನಿಜಗಳನ್ನು ಗುರುತಿಸಿದ್ದಾಗಿ ಹೇಳಿದರು. ಅನಂತಪುರ ನಮ್ಮ ಗಡಿಯಾಚೆಯ ಜಿಲ್ಲೆ. ಮೊಳಕಾಲ್ಮುರಿನವರಿಗೆ ರಾಯದುರ್ಗ ಪಕ್ಕದೂರು. ಕನ್ನಡ, ತೆಲುಗು ಎರಡೂ ಆಡುವ ಸೀಮೆ. ಸುದ್ದಿ ಬಂದ ಕೂಡಲೇ ನಿಧಿ ಸಿಕ್ಕಿತು ಎಂಬ ಧಾಟಿಯಲ್ಲಿ ತಲೆಬರಹಗಳು ಬಂದವು. ಖನಿಜ ಗುರುತಿಸುವುದು ಮೊದಲ ಮೆಟ್ಟಿಲು. ಅದು ಅದಿರು ಎನಿಸಿಕೊಳ್ಳುವ ಮೊದಲು ಹತ್ತಾರು ಮೆಟ್ಟಿಲು ಉಳಿದಿರುತ್ತವೆ.

ಭಾರತದ ಕೈಯಲ್ಲಿ ಈಗಾಗಲೇ ಇರುವುದು ಕರಾವಳಿಯ ಮರಳು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ ಮರಳಿನಲ್ಲಿ ಮೊನಝೈಟ್ ಕಣಗಳನ್ನು ಕಂಡ. ಅಂದಿನಿಂದ ಆ ಮರಳು ಹಡಗು ಹತ್ತಿ ಯುರೋಪಿಗೆ ಹೋಗಿ ಗ್ಯಾಸ್‌ಲೈಟಿನ ಮ್ಯಾಂಟಲ್ ಆಯಿತು. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ ಹುಟ್ಟಿತು. 1952ರ ಡಿಸೆಂಬರಿನಲ್ಲಿ ಕೇರಳದ ಆಲುವಾ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಮೊನಝೈಟ್ ಅಂದರೆ ರಂಜಕದ ಲವಣ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ರಂಜಕ ಬೇರೆಯಾಗುತ್ತದೆ, ಉಳಿದದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಥೋರಿಯಂ ಕೆಳಗೆ ಉಳಿಯುತ್ತದೆ. ಅದು ವಿಕಿರಣಶೀಲ. ನಮ್ಮ ಮೊನಝೈಟಿನಲ್ಲಿ ಅದರ ಆಕ್ಸೈಡು ನೂರಕ್ಕೆ ಎಂಟು ಹತ್ತು ಪಾಲು ಇರುವುದರಿಂದಲೇ ಇಡೀ ವ್ಯವಹಾರ ಪರಮಾಣು ಇಂಧನ ಇಲಾಖೆಯ ಕಣ್ಗಾವಲಿನಲ್ಲಿ ನಡೆಯುತ್ತದೆ. ದೇಶದ ಮೊನಝೈಟ್ 1.3 ಕೋಟಿ ಟನ್ನಿಗೂ ಹೆಚ್ಚು ಎಂದು ಸರ್ಕಾರದ ಲೆಕ್ಕ. ಅದರಲ್ಲಿ ಸಾಲಿನ ಆರಂಭದ ಹಗುರ ಧಾತುಗಳು ಧಾರಾಳ. ಡಿಸ್ಪ್ರೋಸಿಯಂ, ಟರ್ಬಿಯಂನಂಥ ಭಾರದವು ತೀರ ಕಡಿಮೆ.

ಆ ಭಾರದ ಧಾತುಗಳು ಏಕೆ ಬೇಕು? ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ಎಲ್ಲರೂ ನೋಡಿದ್ದೇವೆ. ಎಲ್ಲ ಗಾಳಿಯಂತ್ರದಲ್ಲೂ ಕಾಯಂ ಅಯಸ್ಕಾಂತ ಇರುವುದಿಲ್ಲ, ತಾಮ್ರದ ಸುರುಳಿಯಲ್ಲೇ ಕೆಲಸ ನಡೆಸುವವು ಬಹಳಷ್ಟಿವೆ. ಗೇರ್‌ಬಾಕ್ಸ್ ಇಲ್ಲದೆ ನೇರವಾಗಿ ತಿರುಗುವ ಹೊಸ ಮಾದರಿಗಳಲ್ಲಿ ನಿಯೋಡಿಮಿಯಂನ ಕಾಯಂ ಅಯಸ್ಕಾಂತ ಬಳಸಿದರೆ ಒಂದು ಮೆಗಾವಾಟಿಗೆ ನೂರಾರು ಕಿಲೋ ಬೇಕು. ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿನಲ್ಲೂ, ಮೊಬೈಲಿನ ಸ್ಪೀಕರಿನಲ್ಲೂ ಇದೇ ಜಾತಿಯ ಅಯಸ್ಕಾಂತ. ಅದನ್ನು 1983-84ರಲ್ಲಿ ಜಪಾನಿನಲ್ಲಿ ಸಗಾವಾ, ಅಮೆರಿಕದಲ್ಲಿ ಕ್ರೋಟ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದರು. ಎರಡು ನಿಯೋಡಿಮಿಯಂಗೆ ಹದಿನಾಲ್ಕು ಕಬ್ಬಿಣ, ಒಂದು ಬೋರಾನ್. ಶಕ್ತಿ ಹೆಚ್ಚಾಗಿ ಕಬ್ಬಿಣದ್ದು. ಆ ಶಕ್ತಿ ದಿಕ್ಕು ತಪ್ಪದಂತೆ ಹಿಡಿದು ನಿಲ್ಲಿಸುವುದು ನಿಯೋಡಿಮಿಯಂನ ಅದೇ ಒಳಗಿನ 4ಎಫ್ ಎಲೆಕ್ಟ್ರಾನುಗಳು. ಮೋಟರು ಕಾದಂತೆ ಆ ಹಿಡಿತ ಸಡಿಲವಾಗುತ್ತದೆ. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೆಚ್ಚುವಂತಿಲ್ಲ. ಚೂರು ಡಿಸ್ಪ್ರೋಸಿಯಂ ಸೇರಿಸಿದರೆ ಹಿಡಿತ ಮತ್ತೆ ಬಿಗಿಯಾಗುತ್ತದೆ.

2025ರ ಏಪ್ರಿಲ್ 4ರಂದು ಚೀನಾ ಏಳು ಧಾತುಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು: ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಇಟ್ರಿಯಂ. ನಿಯೋಡಿಮಿಯಂ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೂ ವಾಹನ ಕಂಪನಿಗಳು ಅಯಸ್ಕಾಂತ ಸಿಗದೆ ಪರದಾಡಿದವು. ಆ ಚೂರು ಡಿಸ್ಪ್ರೋಸಿಯಂ ಇಲ್ಲದೆ ಮೋಟರಿಗೆ ತಕ್ಕ ಅಯಸ್ಕಾಂತ ಸಾಮಾನ್ಯವಾಗಿ ಆಗುವುದಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಗುರಿಯಿಟ್ಟು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಣ ಬಂತು. ತೊಟ್ಟಿಗಳ ಸಾಲನ್ನು ಹದವರಿತು ನಡೆಸಬಲ್ಲ ರಸಾಯನಶಾಸ್ತ್ರಜ್ಞರು, ಎಂಜಿನಿಯರುಗಳು ಎಷ್ಟು ಜನ ತಯಾರಾಗುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ಅಲ್ಲಿ ಶಾಲಾ ಶಿಕ್ಷಕರಿಗೆ, ಕಾಲೇಜು ಉಪನ್ಯಾಸಕರಿಗೆ ಪ್ರಯೋಗಗಳ ತರಬೇತಿ ನಡೆಯುತ್ತದೆ. ನೀರು, ಸೀಮೆಎಣ್ಣೆ ಕಲಕಿ ಲೋಹ ಬೇರ್ಪಡಿಸುವ ಪ್ರಯೋಗಕ್ಕೆ ಭಾರೀ ಸಲಕರಣೆ ಬೇಡ. ಸಂಕೋಚನದ ಪ್ರಶ್ನೆ ಮಕ್ಕಳಿಗೆ ಅರ್ಥವಾಗಬೇಕಾದರೆ ಅದನ್ನು ಅಲ್ಲಿಂದಲೇ ಶುರು ಮಾಡಬಹುದು ಎಂದು ನನ್ನ ಆಸೆ.

ಒಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಜಾಗದ ಘಟಕಕ್ಕೆ ವಿಶೇಷ ವಸ್ತು ಎಂಬ ಹೆಸರು ಅಂಟಿರುವುದರಿಂದ ಅದು ರೇರ್ ಅರ್ಥ್ ಕಾರ್ಖಾನೆ ಎಂದು ತಿಳಿಯುವುದು ಸಹಜ. ಅದು ಯುರೇನಿಯಂ ಸಂವರ್ಧನೆಗೆಂದು ಯೋಜಿಸಿದ್ದು. ಅಲ್ಲಿ ಬೇರ್ಪಡಿಸಬೇಕಾದವು ಒಂದೇ ಧಾತುವಿನ ಎರಡು ತೂಕದ ಪರಮಾಣುಗಳು. ಅವುಗಳ ರಾಸಾಯನಿಕ ಗುಣ ಬಹುತೇಕ ಒಂದೇ ಆದ್ದರಿಂದ ಆಮ್ಲ, ಎಣ್ಣೆಯ ದಾರಿ ನಡೆಯುವುದಿಲ್ಲ. ಅನಿಲ ಮಾಡಿ ಅತಿ ವೇಗವಾಗಿ ತಿರುಗಿಸಬೇಕು. ಕುರಿ, ದನ ಮೇಯಿಸುತ್ತಿದ್ದ ಅಮೃತಮಹಲ್ ಕಾವಲು ಕೈತಪ್ಪಿದವರು ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋಗಿ ಬಂದಿದ್ದಾರೆ. ತಮ್ಮ ನೆಲದಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಕನ್ನಡದಲ್ಲಿ, ಬಿಡಿಸಿ, ಸರಿಯಾಗಿ ಹೇಳುವುದು ಸರ್ಕಾರದ ಹೊಣೆ.

ಅನಂತಪುರದ ಶಿಲೆಯ ಸುದ್ದಿ ಮುಂದೆಯೂ ಬರುತ್ತಿರುತ್ತದೆ. ಬಂದಾಗ ಮೊದಲು ನೋಡಬೇಕಾದ್ದು ಧಾತುಗಳ ಎಣಿಕೆಯನ್ನಲ್ಲ, ಖನಿಜ ಯಾವುದು ಎಂಬುದನ್ನು. ಅಲ್ಲಿ ಅಲನೈಟ್, ಜಿರ್ಕಾನ್, ಅಪಟೈಟ್, ಮೊನಝೈಟ್ ಎಲ್ಲವೂ ಸಿಕ್ಕಿವೆ ಎಂದು ವರದಿಯಾಗಿತ್ತು. ಮೊನಝೈಟನ್ನು ಒಡೆಯುವ ವಿಧಾನ ನೂರು ವರ್ಷದಿಂದ ಗೊತ್ತಿದೆ. ಅಲನೈಟ್ ಸಿಲಿಕೇಟ್, ಆಮ್ಲ ಹಾಕಿದರೆ ಅದರ ಸಿಲಿಕಾ ಅಂಟುಅಂಟಾಗಿ ಸೋಸುವ ಕೆಲಸವನ್ನೇ ಕೆಡಿಸಿಬಿಡಬಹುದು. ಜಿರ್ಕಾನ್ ಸಾಮಾನ್ಯ ಆಮ್ಲಕ್ಕೆ ಜಗ್ಗುವುದೇ ಇಲ್ಲ. ಒಂದು ಟನ್ನಿಗೆ ಎಷ್ಟು ಗ್ರಾಂ, ಅದರಲ್ಲಿ ಭಾರದ ಧಾತುಗಳ ಪಾಲೆಷ್ಟು, ಜೊತೆಗೆ ಬರುವ ಥೋರಿಯಂ ಎಲ್ಲಿಗೆ ಹೋಗುತ್ತದೆ ಎಂಬುದು ಆಮೇಲಿನದು. ಕಾರ್ಖಾನೆ ಈ ಸೀಮೆಗೇ ಬಂದರೆ ನೂರು ತೊಟ್ಟಿಗಳ ಸಾಲಿಗೆ ಬೇಕಾದ ನೀರಿನ ಪ್ರಶ್ನೆಯೂ ಇದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರಿವೆ. ಇಲ್ಲಿನವರಿಗೆ ಕುಡಿಯುವ ನೀರನ್ನೇ ತುಂಗಭದ್ರೆಯ ಹಿನ್ನೀರಿನಿಂದ ಪೈಪಿನಲ್ಲಿ ತರಬೇಕಾಗಿದೆ.